ಆಗ್ಲಿಬಿಡಿಯವರು ಮಾಡಿದ ಅಲಂಕಾರ

ಮನುಷ್ಯನಿಗೆ ಹೆಸರಿಡುವವರು ಹೆತ್ತವರು. ಆ ಹೆಸರನ್ನು ಕಿತ್ತೆಸೆದು ಸರಿಯಾದದ್ದನ್ನು ಇಡುವವರು ಬೀದಿಯವರು. ನಮ್ಮ ಕಥಾನಾಯಕರಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಬೀದಿಗೆಲ್ಲ ಅವರು ‘ಆಗ್ಲಿಬಿಡಿ’.

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವರಿಗೆ ಕೆಲಸ. ನಲ್ಲಿಯಲ್ಲಿ ನೀರಿಲ್ಲವೆಂದು ಕೂಗಾಡುತ್ತ ಬಂದವರ ಮಾತನ್ನು ತಲೆ ತಗ್ಗಿಸಿ ಪೂರ್ತಿ ಕೇಳಿ, ಕೊನೆಗೆ ಮೆತ್ತಗೆ “ಆಗ್ಲಿ ಬಿಡಿ” ಎನ್ನುತ್ತಿದ್ದರು. ಬಂದವರು ಕೆಲಸವಾಯಿತೆಂದು ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ನೀರು ಆಮೇಲೂ ಬರುತ್ತಿರಲಿಲ್ಲ, ಅದು ಬೇರೆ ವಿಷಯ. ಈ ಮಾತಿನ ಮಹಿಮೆಯೇ ಅಂಥದ್ದು. ಕೇಳಿದವರಿಗೆ ‘ನೀವು ಹೇಳಿದ ಹಾಗೇ ಮಾಡೋಣ’ ಎಂದು ಕೇಳಿಸುತ್ತದೆ. ಹೇಳಿದವರ ಅರ್ಥ ‘ಏನಾದರೂ ಆಗಲಿ, ಸದ್ಯ ನನ್ನನ್ನು ಬಿಡಿ’ ಎಂದಿರುತ್ತದೆ. ಈ ಎರಡು ಅರ್ಥಗಳ ನಡುವೆ ಅವರು ಇಪ್ಪತ್ತು ವರ್ಷ ಸರ್ಕಾರಿ ನೌಕರಿ ಮಾಡಿದ್ದರು.

ಅವರಿಗೆ ಒಬ್ಬಳೇ ಅಕ್ಕ. ಭಾವ ತೀರಿಹೋದಾಗ ಹೆಣ್ಣುಮಗು ಇನ್ನೂ ತೊಟ್ಟಿಲಲ್ಲಿತ್ತು. ಅಕ್ಕ ಯಾರ ಮುಂದೆಯೂ ಕೈಚಾಚದೆ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡರು. ಮಗು ಆ ಅಂಗಡಿಯ ಮೂಲೆಯಲ್ಲಿ, ಕಾಗದದ ಕಟ್ಟುಗಳ ಮೇಲೆ ಮಲಗಿ, ಯಂತ್ರದ ಸದ್ದನ್ನೇ ಜೋಗುಳ ಮಾಡಿಕೊಂಡು ಬೆಳೆಯಿತು. ಈಗ ಅದು ಒಬ್ಬ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿಕೊಂಡು, ಅಲ್ಲಿಗೆ ಹಲ್ಲುನೋವೆಂದು ಬಂದ ಒಬ್ಬ ಒಳ್ಳೆಯ ಹುಡುಗನನ್ನೇ ಒಪ್ಪಿಕೊಂಡಿತ್ತು. ಮದುವೆಯನ್ನು ಗಂಡಿನ ಕಡೆಯವರು ಮಾಡಿಕೊಳ್ಳುವುದು, ಆರತಕ್ಷತೆಯನ್ನು ಹೆಣ್ಣಿನ ಕಡೆಯವರು ಮಾಡುವುದು ಎಂದು ಮಾತಾಯಿತು. ಹುಡುಗನ ತಾಯಿ ಒಳ್ಳೆಯ ಮನಸ್ಸಿನಿಂದಲೇ, “ನಿಮಗೆ ಕಷ್ಟ ಆದ್ರೆ ಹೇಳಿ, ಅದನ್ನೂ ನಾವೇ ನೋಡ್ಕೋತೀವಿ” ಎಂದಿದ್ದರು.

“ಕಷ್ಟ ಏನಿಲ್ಲ” ಎಂದಿದ್ದರು ಅಕ್ಕ. ಹೇಳುವಾಗ ಕುತ್ತಿಗೆ ಸ್ವಲ್ಪ ಉದ್ದವಾಗಿತ್ತು. ಆ ಕುತ್ತಿಗೆಯ ಮರ್ಯಾದೆ ಉಳಿಸುವುದೇ ಇನ್ನು ಮುಂದಿನ ಕೆಲಸ.

ಬಾಡಿಗೆಗೆ ಸಿಕ್ಕಿದ್ದು ನೌಕರರ ಸಂಘದ ಹಾಲ್. ಅಗ್ಗವಾಗಿ ಸಿಕ್ಕಿತೆಂದರೆ ಸುಮ್ಮನೆ ಸಿಕ್ಕಿರಲಿಲ್ಲ. ಒಳಗೆ ಬಣ್ಣ ಹೊಡೆಯುವವನು ಅರ್ಧಕ್ಕೆ ಕೆಲಸ ಬಿಟ್ಟು ಹೋಗಿ, ಉಳಿದರ್ಧವನ್ನು ಇನ್ನೊಬ್ಬ ತನಗೆ ತೋಚಿದ ಬಣ್ಣದಲ್ಲಿ ಮುಗಿಸಿದ್ದ. ವೇದಿಕೆಯ ಹಿಂದಿನ ಗೋಡೆಯಲ್ಲಿ ತೇವ ಏರಿ ಮಲಗಿದ ಎಮ್ಮೆಯ ಆಕಾರದ ಕಲೆಯಾಗಿತ್ತು. ಕೊಂಬು, ಬಾಲ ಎಲ್ಲ ಸರಿಯಾಗಿದ್ದವು. ಒಬ್ಬ ಡೆಕೊರೇಶನ್ನಿನವನನ್ನು ಕರೆಸಿ ತೋರಿಸಿದರು. ಅವನು ಎಮ್ಮೆಯನ್ನು ಬಹಳ ಹೊತ್ತು ನೋಡಿ, ತಲೆಯಾಡಿಸಿ, ಒಂದು ಮೊತ್ತ ಹೇಳಿದ. ಅವನಿಗೆಂದು ತಂದಿದ್ದ ನೀರಿನ ಲೋಟವನ್ನು ಅಕ್ಕ ತಾವೇ ಗಟಗಟನೆ ಕುಡಿದುಬಿಟ್ಟರು.

ಅವನು ಹೋದ ಮೇಲೆ ಆಗ್ಲಿಬಿಡಿಯವರು ಎದೆ ಮುಂದೆ ಮಾಡಿ, “ಅಕ್ಕ, ಡೆಕೊರೇಶನ್ ನಂಗೆ ಬಿಡು. ನಾನಿಲ್ವಾ?” ಎಂದರು.

“ಅದೇ ಭಯ” ಎಂದಳು ಅವರ ಹೆಂಡತಿ.

“ನಮ್ಮ ಸಾಹೇಬ್ರು ರಿಟೈರ್ ಆದಾಗ ಬಲೂನ್ ಕಟ್ಟಿದ್ದು ಯಾರು?”

“ಅವರು ಭಾಷಣ ಮಾಡ್ತಿದ್ದಾಗ ಅವೆಲ್ಲ ಒಂದೇ ಸಲ ಢಂ ಅಂದು, ಸಾಹೇಬ್ರು ಮೇಜಿನ ಕೆಳಗೆ ಕೂತಿದ್ರಲ್ಲ, ಆ ಬಲೂನಾ?”

ಈ ಬಾರಿ ಬಲೂನು ಬೇಡ, ಗಿಡ ಎಂದು ಆಗ್ಲಿಬಿಡಿಯವರು ಮನಸ್ಸಿನಲ್ಲೇ ತೀರ್ಮಾನಿಸಿದ್ದರು. ಬೀದಿಯಲ್ಲಿ ಮನೆಮನೆಗೂ ಕುಂಡಗಳಿವೆ. ಒಂದು ಸಂಜೆಯ ಮಟ್ಟಿಗೆ ಎರವಲು ತಂದರೆ ಹಾಲ್ ತೋಟವಾಗುತ್ತದೆ, ಎಮ್ಮೆ ಪೊದೆಯೊಳಗೆ ಮರೆಯಾಗುತ್ತದೆ. ಯೋಚನೆಯೇನೋ ಚಿನ್ನದಂಥದ್ದು. ಆದರೆ ‘ದುಡ್ಡು ಸಾಲದು, ಗಿಡ ಕೊಡಿ’ ಎಂದು ಬಾಯಿಬಿಟ್ಟು ಕೇಳುವುದು ಹೇಗೆ? ಅಕ್ಕನ ಕುತ್ತಿಗೆ ನೆನಪಾಯಿತು. ವಿಷಯವನ್ನು ಸ್ವಲ್ಪ ಸುತ್ತಿ ಬಳಸಿ ಹೇಳುವುದೆಂದು ಹೊರಟರು. ಮೊದಲು ಹೋದದ್ದು ಮ್ಯಾನೇಜರಮ್ಮನ ಮನೆಗೆ.

ಮ್ಯಾನೇಜರಮ್ಮ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಆಧಾರವಿಲ್ಲದೆ ಒಂದು ಪೆನ್ನನ್ನೂ ಯಾರಿಗೂ ಕೊಟ್ಟವರಲ್ಲ. ಅವರ ಅಂಗಳದ ಗಿಡಗಳು ಹಾಜರಿ ಹಾಕಿದ ಗುಮಾಸ್ತರಂತೆ ಸಾಲಾಗಿ, ಸದ್ದಿಲ್ಲದೆ ನಿಂತಿರುತ್ತಿದ್ದವು.

“ಮೇಡಂ, ನಮ್ಮ ಅಕ್ಕನ ಮಗಳ ರಿಸೆಪ್ಷನ್ನು” ಎಂದು ಶುರುಮಾಡಿದರು ಆಗ್ಲಿಬಿಡಿಯವರು. “ನಿಮ್ಮ ಗಿಡಗಳು ನೋಡಿ, ಎಷ್ಟು ಚೆನ್ನಾಗಿವೆ! ಕಾಂಪೌಂಡೊಳಗೇ ಇದ್ರೆ ಯಾರು ನೋಡ್ತಾರೆ? ಅಲ್ಲಿ ಹಾಲ್‌ನಲ್ಲಿ ಸಾಲಾಗಿ ಇಟ್ರೆ ಬಂದವರೆಲ್ಲ ನೋಡ್ತಾರೆ, ಹೊಗಳ್ತಾರೆ...”

“ನನ್ನ ಗಿಡ ಮಾತ್ರಾನೋ, ಬೇರೆಯವರದ್ದೂ ಇರತ್ತೋ?”

“ಬೀದೀಲಿ ಚೆನ್ನಾಗಿರೋದೆಲ್ಲ ತರೋಣ ಅಂತ.”

ಅಷ್ಟರಲ್ಲಿ ಯಾರೋ ಹಿತ್ತಲಲ್ಲಿ ನೀರಿನ ಪಂಪು ಹಾಕಿದರು. ಅದು ಹಳೆಯ ಪಂಪು. ನೀರು ಎತ್ತುವುದಕ್ಕಿಂತ ಸದ್ದು ಮಾಡುವುದರಲ್ಲಿ ಅದಕ್ಕೆ ಆಸಕ್ತಿ ಜಾಸ್ತಿ. ಮ್ಯಾನೇಜರಮ್ಮನ ತುಟಿ ಅಲ್ಲಾಡುವುದು ಕಾಣಿಸುತ್ತಿತ್ತು, ಮಾತು ಅರ್ಧವೂ ಕೇಳಿಸುತ್ತಿರಲಿಲ್ಲ.

“ಓಹೋ! ಅಂದ್ರೆ ಸ್ಪರ್ಧೆ!” ಎಂದರು ಮ್ಯಾನೇಜರಮ್ಮ.

“ಆಗ್ಲಿ ಬಿಡಿ” ಎಂದರು ಆಗ್ಲಿಬಿಡಿಯವರು.

“ತೀರ್ಪು ಕೊಡೋಕೆ ಹೊರಗಿನವರೇ ಬೇಕು. ಇಲ್ದಿದ್ರೆ ಆ ಟೈಲರ್ ತನ್ನ ಷಡ್ಡಕನ್ನ ತಂದು ಕೂರಿಸ್ತಾನೆ. ತೋಟಗಾರಿಕೆ ಇಲಾಖೆ ಸಾಹೇಬ್ರು ನಂಗೆ ಗೊತ್ತು. ಅವರಿಗೆ ಮನೆ ಸಾಲ ಕೊಟ್ಟಿದ್ದೇ ನಾನು. ಕರೀಲಾ?”

“ಆಗ್ಲಿ ಬಿಡಿ.”

“ಕಪ್ಪು ನನ್ನ ಕಡೆಯಿಂದ ಇರ್ಲಿ.”

‘ಕಪ್ಪು’ ಎಂಬುದೊಂದು ಮಾತ್ರ ಅವರ ಕಿವಿಗೆ ಸ್ಪಷ್ಟವಾಗಿ ಬಿತ್ತು. ಕುಂಡದ ಬಣ್ಣ ಹೇಳುತ್ತಿದ್ದಾರೆ ಎಂದುಕೊಂಡು, “ಕಪ್ಪಾದ್ರೂ ಸರಿ, ಕೆಂಪಾದ್ರೂ ಸರಿ ಮೇಡಂ, ನಿಮ್ಮಿಷ್ಟ” ಎಂದು ಕೈಮುಗಿದರು. ಮ್ಯಾನೇಜರಮ್ಮನಿಗೆ ಇಷ್ಟು ವಿನಯದ ಸಂಘಟಕರನ್ನು ಕಂಡು ಮೆಚ್ಚುಗೆಯಾಯಿತು. ಇಡೀ ಅಂಗಳದ ಗಿಡಗಳನ್ನು ಕೊಡಲು ಒಪ್ಪಿದರು.

ಅಲ್ಲಿಂದ ಟೈಲರ್ ಅಂಗಡಿಗೆ. ಟೈಲರಿಗೆ ಇದ್ದದ್ದು ಒಂದೇ ಗಿಡ, ಬಣ್ಣದ ಡಬ್ಬಿಯಲ್ಲಿ ಬೆಳೆಸಿದ ಗುಲಾಬಿ. ಆದರೆ ಆ ಒಂದಕ್ಕೆ ಆತ ಗಿರಾಕಿಗಳ ಬಟ್ಟೆಗಿಂತ ಹೆಚ್ಚು ಗಮನ ಕೊಡುತ್ತಿದ್ದ. ಸುದ್ದಿ ಮ್ಯಾನೇಜರಮ್ಮನ ಫೋನಿನ ಮೂಲಕ ಬೀದಿಯಲ್ಲೆಲ್ಲ ಓಡಿ, ಆಗ್ಲಿಬಿಡಿಯವರ ಕಾಲಿಗಿಂತ ಮುಂಚೆಯೇ ಅಂಗಡಿ ತಲುಪಿತ್ತು.

“ಬನ್ನಿ ಸ್ವಾಮಿ, ನಿಮಗೇ ಕಾಯ್ತಿದ್ದೆ” ಎಂದ ಟೈಲರ್. “ಎತ್ತರದ್ದು, ಹೂವಿನದ್ದು ಬೇರೆ ಬೇರೆ ಇಡ್ಬೇಕು. ಒಟ್ಟಿಗೆ ಇಟ್ರೆ ಅನ್ಯಾಯ.”

ಅಲಂಕಾರದ ವಿಷಯದಲ್ಲಿ ಈತನಿಗೆ ಎಂಥ ಸೂಕ್ಷ್ಮ ಎಂದು ಆಗ್ಲಿಬಿಡಿಯವರು ಬೆರಗಾದರು. “ಆಗ್ಲಿ ಬಿಡಿ.”

“ನನ್ನ ಗುಲಾಬೀನ ಆ ಅಮ್ಮನ ಗಿಡದ ಪಕ್ಕ ಇಡ್ಬೇಡಿ. ಅವರ ಕಣ್ಣು ಸರಿ ಇಲ್ಲ.”

“ಕನ್ನಡಕ ಬದಲಾಯಿಸಿದಾರಲ್ಲ?”

“ಆ ಕಣ್ಣಲ್ಲ. ಅದಿರ್ಲಿ, ನಂಬರ್ ಯಾವಾಗ ಕೊಡ್ತೀರಾ?”

“ಅದಕ್ಕೇನು, ಈಗ್ಲೇ ತಗೊಳ್ಳಿ” ಎಂದು ಆಗ್ಲಿಬಿಡಿಯವರು ತಮ್ಮ ಫೋನ್ ನಂಬರನ್ನು ನಿಧಾನವಾಗಿ ಹೇಳಿದರು. ಟೈಲರ್ ಅದನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದುಕೊಂಡ. ಅಂಕಿ ಮುಗಿಯುವುದೇ ಇಲ್ಲವಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಆದರೆ ಇಲಾಖೆಯವರು ಬರುವ ಸ್ಪರ್ಧೆ, ನಂಬರು ಸಣ್ಣದಾಗಿರಲು ಹೇಗೆ ಸಾಧ್ಯ? ಆ ದಿನವೇ ಹತ್ತೂ ಅಂಕಿಗಳನ್ನು ಡಬ್ಬಿಯ ಮೇಲೆ ಬಿಳಿ ಬಣ್ಣದಲ್ಲಿ ದಪ್ಪಗೆ ಬರೆದ.

ಮರುದಿನದಿಂದ ಆಗ್ಲಿಬಿಡಿಯವರಿಗೆ ಬೀದಿಯಲ್ಲಿ ನಡೆದಾಡುವುದೇ ಕಷ್ಟವಾಯಿತು. ಮೊದಲೆಲ್ಲ ಅವರನ್ನು ಕಂಡರೆ ನೀರಿನ ದೂರು ಹೇಳುತ್ತಿದ್ದವರು ಈಗ “ನಮ್ಮದೂ ಒಂದು ತಗೊಳ್ಳಿ”, “ನಮ್ಮದನ್ನ ಮರೀಬೇಡಿ” ಎಂದು ಕೈಹಿಡಿಯತೊಡಗಿದರು. ಹಾಲಿನವನು ಒಂದು ಕ್ರೋಟನ್ ಇದೆ ಎಂದ. ಎದುರುಮನೆಯ ನಿವೃತ್ತ ಮೇಷ್ಟ್ರು ತಮ್ಮ ಜರೀಗಿಡಕ್ಕೆ ದಿನವೂ ರೇಡಿಯೋ ಹಾಕಿ ಕೇಳಿಸುತ್ತಿರುವುದಾಗಿಯೂ, ವಾರ್ತೆಗೆ ಅದು ಅಷ್ಟಾಗಿ ಸ್ಪಂದಿಸುವುದಿಲ್ಲವೆಂದೂ ತಿಳಿಸಿದರು. ಮನೆಮನೆಯಲ್ಲೂ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಮಕ್ಕಳ ಮುಖಕ್ಕೂ ಅಷ್ಟು ಆರೈಕೆ ಸಿಕ್ಕಿರಲಿಲ್ಲ.

“ಲೋಕ ಕೆಟ್ಟಿದೆ ಅಂತಾರೆ. ಎಲ್ಲಿ ಕೆಟ್ಟಿದೆ?” ಎಂದರು ಆಗ್ಲಿಬಿಡಿಯವರು ಮನೆಯಲ್ಲಿ, ಕಣ್ಣು ಒರೆಸಿಕೊಂಡು. “ಒಂದು ಹೆಣ್ಣುಮಗುವಿನ ಕೆಲಸ ಅಂದಾಕ್ಷಣ ಹೇಗೆ ಮುಗಿಬೀಳ್ತಿದಾರೆ ನೋಡು!”

“ರೀ, ಜನ ಸುಮ್‌ಸುಮ್ನೆ ಒಳ್ಳೆಯವರಾಗಲ್ಲ” ಎಂದಳು ಹೆಂಡತಿ. “ಏನು ಹೇಳಿದ್ರಿ ಅವರಿಗೆಲ್ಲ?”

“ನಾನು ಏನೂ ಹೇಳಿಲ್ಲ.”

ಅದು ನೂರಕ್ಕೆ ನೂರು ಸತ್ಯವಾಗಿತ್ತು.

ಆರತಕ್ಷತೆಯ ದಿನ ಮಧ್ಯಾಹ್ನದಿಂದಲೇ ಗಿಡಗಳು ಬರತೊಡಗಿದವು. ತಳ್ಳುಗಾಡಿಯಲ್ಲಿ ಬಂದವು, ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಬಂದವು. ಮೇಷ್ಟ್ರ ಜರೀಗಿಡ ಮೊಮ್ಮಗನನ್ನು ಕೂರಿಸುವ ಗಾಡಿಯಲ್ಲಿ, ಬಿಸಿಲಿಗೆ ಛತ್ರಿ ಹಿಡಿಸಿಕೊಂಡು ಬಂತು. ಆಗ್ಲಿಬಿಡಿಯವರು ಎತ್ತರದ್ದನ್ನು ಹಿಂದೆ, ಹೂವಿನದ್ದನ್ನು ಮುಂದೆ ಇಟ್ಟರು. ಎರಡು ಬಣ್ಣದ ಗೋಡೆ ಕೂಡುವ ಗೆರೆಯ ಮೇಲೆ ಮನಿಪ್ಲಾಂಟಿನ ಬಳ್ಳಿ ಹಬ್ಬಿಸಿದರು. ಎಮ್ಮೆಯ ಮುಂದೆ ಮ್ಯಾನೇಜರಮ್ಮನ ಕುಂಡದ ತಾಳೆಗಿಡಗಳನ್ನು ನಿಲ್ಲಿಸಿದಾಗ ಅದು ಮೊದಲು ಕಾಲು, ಆಮೇಲೆ ಹೊಟ್ಟೆ, ಕೊನೆಗೆ ಕೊಂಬು ಕಳೆದುಕೊಂಡು ಪೂರ್ತಿ ಮಾಯವಾಯಿತು.

ಸಂಜೆಯ ಬೆಳಕು ಕಿಟಕಿಯಿಂದ ಬಂದು ಅಷ್ಟೂ ಹಸಿರಿನ ಮೇಲೆ ಬಿದ್ದಾಗ, ಆ ಹಾಲ್ ನಿಜಕ್ಕೂ ಚೆನ್ನಾಗಿತ್ತು. ಇದು ನಾವು ಹಾಸ್ಯಕ್ಕೆ ಹೇಳುವ ಮಾತಲ್ಲ. ಅಕ್ಕ ಬಾಗಿಲಲ್ಲಿ ನಿಂತು ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡರು.

“ಲೋ, ನೀನೇನಾ ಮಾಡಿದ್ದು?”

“ಮತ್ತಿನ್ಯಾರು?”

“ಅಲ್ಲೊಂದು ಕಡೆ ಮಾತ್ರ ಬೋಳಾಗಿದೆ ನೋಡು.”

ವೇದಿಕೆಯಲ್ಲಿ, ಮದುಮಗಳ ಕುರ್ಚಿಯ ಪಕ್ಕದಲ್ಲೇ ಒಂದು ಒಡೆದ ಸ್ವಿಚ್ ಬೋರ್ಡು ಹಲ್ಲು ಕಿರಿಯುತ್ತಿತ್ತು. ಬಂದ ಗಿಡಗಳೆಲ್ಲ ಮುಗಿದಿದ್ದವು. ಅಕ್ಕ ಸರಸರ ಅಂಗಡಿಗೆ ಹೋಗಿ, ಬಾಗಿಲ ಬಳಿ ಇದ್ದ ತಮ್ಮ ಅತ್ತಿ ಸಸಿಯನ್ನು ಎತ್ತಿಕೊಂಡು ಬಂದು ಅದರ ಮುಂದೆ ಇಟ್ಟರು. ಬಿರುಕುಬಿಟ್ಟ ಬಕೆಟ್ಟಿನಲ್ಲಿ ಮೊಣಕಾಲೆತ್ತರಕ್ಕೆ ಬೆಳೆದಿದ್ದ ಬಡಕಲು ಗಿಡ ಅದು. ಮೂಲತಃ ಮ್ಯಾನೇಜರಮ್ಮನ ಕಾಂಪೌಂಡ್ ಗೋಡೆಯ ಸಂದಿಯಲ್ಲಿ ಹುಟ್ಟಿತ್ತು. ಗೋಡೆ ಸೀಳುತ್ತದೆಂದು ಅವರು ಹೋದ ವರ್ಷ ಕಿತ್ತು ಬೀದಿಗೆ ಎಸೆದಿದ್ದರು. ಅಕ್ಕ ಎತ್ತಿ ತಂದು ಬದುಕಿಸಿದ್ದರು.

ಗಂಡಿನ ಕಡೆಯವರು ಬಂದರು. ಹುಡುಗನ ತಾಯಿ ಹಾಲ್ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡರು. ಅವರಿಗೆ ಇನ್ನೂ ಹಿಡಿಸಿದ್ದು ವ್ಯವಸ್ಥೆ. ಒಂದೊಂದು ಕುಂಡದ ಪಕ್ಕದಲ್ಲೂ ಒಬ್ಬೊಬ್ಬರು ಒಳ್ಳೆಯ ಬಟ್ಟೆ ತೊಟ್ಟು ಕೈಕಟ್ಟಿ ನಿಂತಿದ್ದರು.

“ಎಷ್ಟು ಅಚ್ಚುಕಟ್ಟು ನೋಡಿ” ಎಂದರು ಗಂಡನಿಗೆ. “ಗಿಡಕ್ಕೊಬ್ಬ ಆಳು ಇಟ್ಟಿದಾರೆ! ನಾವು ಸುಮ್ನೆ ಇವರಿಗೆ ಕಷ್ಟ ಅಂದ್ಕೊಂಡ್ವಿ.”

ಆಳುಗಳೆಂದರೆ ಬೀದಿಯ ಗಣ್ಯರೇ. ಯಾರೊಬ್ಬರೂ ತಮ್ಮ ಗಿಡ ಬಿಟ್ಟು ಕದಲಲು ತಯಾರಿರಲಿಲ್ಲ. ಊಟಕ್ಕೆ ಕರೆದರೆ “ಇಲ್ಲಿಗೇ ತಂದ್ಕೊಡಿ” ಎಂದರು. ವೇದಿಕೆಗೆ ಹೋಗಿ ಮದುಮಕ್ಕಳಿಗೆ ಶುಭ ಕೋರಿ ಎಂದರೆ ನಿಂತಲ್ಲಿಂದಲೇ ಕೈಬೀಸಿದರು. ಟೈಲರ್ ತನ್ನ ಗುಲಾಬಿಗೂ ಪಕ್ಕದ ಕ್ರೋಟನ್ನಿಗೂ ನಡುವೆ ಕಾಲು ಚಾಚಿ ಗಡಿ ಹಾಕಿದ್ದ.

“ಮಾಮ, ಯಾರೂ ಯಾಕೆ ಮೇಲೆ ಬರ್ತಿಲ್ಲ?” ಎಂದು ಮದುಮಗಳು ಕೇಳಿದಳು.

“ಗೌರವ ಪುಟ್ಟಿ, ದೂರದಿಂದಲೇ” ಎಂದರು ಆಗ್ಲಿಬಿಡಿಯವರು.

ಆಗ ಬಂದರು ತೋಟಗಾರಿಕೆ ಇಲಾಖೆಯ ಸಾಹೇಬರು. ಕತ್ತಿನಲ್ಲಿ ಭೂತಗನ್ನಡಿ, ಜೇಬಿನಲ್ಲಿ ಸ್ಕೇಲು. ಅವರ ಹೆಜ್ಜೆಯ ಗತ್ತು ಕಂಡು ಆಗ್ಲಿಬಿಡಿಯವರು ಗಂಡಿನ ಕಡೆಯ ಯಾರೋ ದೊಡ್ಡ ಮನುಷ್ಯರೆಂದು ತಿಳಿದು ಎರಡೂ ಕೈಯಲ್ಲಿ ಬರಮಾಡಿಕೊಂಡರು. ಇವರೇ ಸಂಘಟಕರೆಂದು ಸಾಹೇಬರೂ ತಿಳಿದರು. ಅದು ಒಂದು ಲೆಕ್ಕದಲ್ಲಿ ಸರಿಯೇ. ಸಾಹೇಬರು ಸಾಲುಸಾಲಾಗಿ ಎಲೆ ಮಗುಚಿ, ಮಣ್ಣು ಒತ್ತಿ, ಹೂಂಗುಟ್ಟುತ್ತ ಬಂದು, ವೇದಿಕೆ ಹತ್ತಿ, ಮದುಮಗಳ ಮುಂದೆ ನಿಂತರು. ಅವರ ಕಣ್ಣು ಇದ್ದದ್ದು ಮದುಮಗಳ ಪಕ್ಕದ ಬಕೆಟ್ಟಿನ ಮೇಲೆ. ಆಗ್ಲಿಬಿಡಿಯವರ ಕಣ್ಣು ಇದ್ದದ್ದು ಮದುಮಗಳ ಮೇಲೆ.

“ಇದು ಯಾರದ್ದು?” ಎಂದರು ಸಾಹೇಬರು.

“ನಮ್ಮ ಅಕ್ಕಂದು ಸರ್. ಒಬ್ಬಳೇ ಸಾಕಿದ್ದು.”

“ಎಷ್ಟು ವರ್ಷ?”

“ಇಪ್ಪತ್ತಾರು.”

ಸಾಹೇಬರು ಹೌಹಾರಿದರು. “ಇಪ್ಪತ್ತಾರಾ! ಇಷ್ಟು ತೆಳ್ಳಗೆ?”

“ಅಪ್ಪನ ಕಡೆಯವರೆಲ್ಲ ತೆಳ್ಳಗೇ ಸರ್.”

“ತಳಿ! ತಳಿ ಅನ್ನಿ!” ಸಾಹೇಬರು ಬಗ್ಗಿದರು. “ಎಲ್ಲಿ ಬೆಳೆಸಿದ್ರು ಇದನ್ನ?”

“ಬಾಡಿಗೆ ಮನೇಲಿ ಸರ್, ಇಷ್ಟಗಲದ್ದು. ಹಗಲೆಲ್ಲ ಅಂಗಡಿ ಮೂಲೆಯಲ್ಲಿ ಇರ್ತಿತ್ತು. ಗಾಳಿ ಇಲ್ಲ, ಬೆಳಕಿಲ್ಲ.”

“ಸ್ವಲ್ಪ ಬಾಡಿದ ಹಾಗಿದೆ.”

“ಬೆಳಗ್ಗಿಂದ ಒಂದು ತೊಟ್ಟು ನೀರೂ ಕುಡಿದಿಲ್ಲ ಸರ್, ಗಾಬರಿಗೆ.”

ಗಿಡದ ಬಗ್ಗೆ ಇಷ್ಟು ಅಂತಃಕರಣದಿಂದ ಮಾತಾಡುವವರನ್ನು ಸಾಹೇಬರು ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ. “ಇದು ಬೋನ್ಸಾಯ್ ಕಣ್ರೀ! ಅಪರೂಪದ್ದು!”

ಗಂಡಿನ ಕಡೆಯ ಪ್ರೀತಿಯ ಮಾತಿರಬೇಕೆಂದು ಆಗ್ಲಿಬಿಡಿಯವರು “ಆಗ್ಲಿ ಬಿಡಿ ಸರ್” ಎಂದು ನಾಚಿಕೊಂಡರು. “ಇವತ್ತಿಗೆ ನಮ್ಮ ಮನೆ ಋಣ ಮುಗೀತು. ಇನ್ನು ಇವರ ಮನೆಗೆ ಹೋಗತ್ತೆ” ಎಂದು ಪಕ್ಕದಲ್ಲೇ ನಿಂತಿದ್ದ ಹುಡುಗನ ತಾಯಿಯನ್ನು ತೋರಿಸಿದರು.

ಸಾಹೇಬರು ಆಕೆಯ ಕಡೆ ತಿರುಗಿ ಗಂಭೀರವಾಗಿ ಹೇಳಿದರು. “ನೋಡಿ ತಾಯಿ, ಇಷ್ಟು ವರ್ಷ ಒಂದು ಕಡೆ ಬೇರು ಬಿಟ್ಟಿದ್ದು. ಹೊಸ ಮಣ್ಣಲ್ಲಿ ಮೊದಮೊದಲು ಸಪ್ಪಗಿರತ್ತೆ. ಬೆಳೀತಿಲ್ಲ, ಬೆಳೀತಿಲ್ಲ ಅಂತ ದಿನಾ ಅಲ್ಲಾಡಿಸಿ ನೋಡ್ಬೇಡಿ. ಒಂದೇ ಸಲ ಬಿಸಿಲಿಗೆ ಒಡ್ಡಬೇಡಿ. ಸುಮ್ನೆ ಅದರ ಪಾಡಿಗೆ ಬಿಡಿ, ತಾನೇ ಹಿಡ್ಕೊಳ್ಳತ್ತೆ.”

ಹುಡುಗನ ತಾಯಿಯ ಕಣ್ಣು ತುಂಬಿ ಬಂತು. ಹೆಣ್ಣಿನ ಕಡೆಯ ಹಿರಿಯರು ಇಷ್ಟು ನವಿರಾಗಿ ಬುದ್ಧಿ ಹೇಳುವುದನ್ನು ಆಕೆ ಕೇಳಿರಲಿಲ್ಲ. “ಹಾಗೇ ನೋಡ್ಕೋತೀನಿ, ನೀವು ಚಿಂತೆ ಮಾಡ್ಬೇಡಿ” ಎಂದರು. ಮದುಮಗಳಿಗೆ ತಾವೇ ಹೋಗಿ ಒಂದು ಲೋಟ ನೀರು ತಂದುಕೊಟ್ಟರು. ಅರ್ಧ ಲೋಟವನ್ನು ಸಾಹೇಬರು ಇಸಿದುಕೊಂಡು ಬಕೆಟ್ಟಿಗೆ ಹುಯ್ದರು. ದೊಡ್ಡವರ ಪದ್ಧತಿಯೇನೋ ಎಂದು ಯಾರೂ ಕೇಳಲಿಲ್ಲ.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಬಹುದಿತ್ತು. ಆದರೆ ಸಾಹೇಬರು ನೇರವಾಗಿ ಮೈಕಿನ ಬಳಿ ಹೋದರು.

“ಮಹನೀಯರೇ, ಇಂಥ ಸುಂದರ ಗಿಡಗಳ ಪ್ರದರ್ಶನ ಮತ್ತು ಸ್ಪರ್ಧೆಗೆ ನನ್ನನ್ನ ತೀರ್ಪುಗಾರನಾಗಿ ಕರೆದಿದ್ದಕ್ಕೆ ಧನ್ಯವಾದ. ಪಕ್ಕದಲ್ಲೇ ಯಾರದ್ದೋ ಮದುವೆ ಕಾರ್ಯಕ್ರಮವೂ ನಡೀತಿದೆ, ಅವರಿಗೂ ಶುಭಾಶಯ.”

ಆಗ್ಲಿಬಿಡಿಯವರಿಗೆ ಪಂಪಿನ ಸದ್ದು, ಅಲ್ಲಾಡುತ್ತಿದ್ದ ತುಟಿಗಳು, ಸೀಮೆಸುಣ್ಣ, ಎಲ್ಲ ಒಂದರ ಹಿಂದೊಂದು ಅರ್ಥವಾಗತೊಡಗಿದವು. ಅವರು ಅಡುಗೆಮನೆಯ ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟರು. ಹೆಂಡತಿ ಅಂಗಿಯ ಚುಂಗು ಹಿಡಿದುಕೊಂಡಳು.

“ನಾನು ಏನೂ ಹೇಳಿಲ್ಲ ಅಂದ್ರಲ್ಲ?”

“ನಿಜವಾಗ್ಲೂ ಹೇಳಿಲ್ಲ ಕಣೇ!”

“ಎರಡನೇ ಬಹುಮಾನ” ಎಂದ ಸಾಹೇಬರು, ತಾವು ಗುರುತು ಹಾಕಿಕೊಂಡಿದ್ದನ್ನು ನೋಡಿ ತಾವೇ ಗಲಿಬಿಲಿಗೊಂಡು, ಹತ್ತೂ ಅಂಕಿಗಳನ್ನು ಒಂದೊಂದಾಗಿ ಓದಿದರು. ಗಂಡಿನ ಕಡೆಯ ಯಾರೋ ಹಿರಿಯರು ಇದು ವಿಚಾರಣೆಗೆ ಕೊಟ್ಟ ನಂಬರೆಂದು ತಿಳಿದು ಅಲ್ಲೇ ಫೋನ್ ಮಾಡಿದರು. ಆಗ್ಲಿಬಿಡಿಯವರ ಜೇಬು ಗಟ್ಟಿಯಾಗಿ ಹಾಡತೊಡಗಿತು.

“ಹಲೋ?” ಎಂದರು ಆಗ್ಲಿಬಿಡಿಯವರು.

“ಏನ್ರೀ ನಡೀತಿದೆ ಇಲ್ಲಿ?” ಎಂದಿತು ಫೋನು.

“ಅದು ನಂದು! ಆ ನಂಬರು ನಂದು!” ಎಂದು ಟೈಲರ್ ಗುಲಾಬಿಯನ್ನು ಎತ್ತಿಕೊಂಡೇ ಓಡಿಬಂದ. ಎರಡನೆಯದು ಎಂಬುದು ಅವನಿಗೆ ವೇದಿಕೆ ಹತ್ತಿದ ಮೇಲೆ ಹೊಳೆಯಿತು. ಆಗ ಇಳಿಯುವುದೂ ಚೆನ್ನಾಗಿರುವುದಿಲ್ಲವೆಂದು ಅಲ್ಲೇ ನಿಂತ.

ಅಕ್ಕನ ಮುಖ ಬಿಳಿಚಿಕೊಂಡಿತ್ತು. ಹುಡುಗನ ತಾಯಿ ಸ್ಪರ್ಧೆ ಎಂದರೇನೆಂದು ಗಂಡನನ್ನು ಕೇಳುತ್ತಿದ್ದರು. ಗಂಡ ನನಗೇನು ಗೊತ್ತು ಎಂಬಂತೆ ಕೈಯಾಡಿಸುತ್ತಿದ್ದರು. ಇನ್ನೊಂದು ನಿಮಿಷದಲ್ಲಿ ‘ಗಿಡ ಎರವಲು ತಂದಿದ್ದಂತೆ’ ಎಂಬ ಮಾತು ಯಾರ ಬಾಯಲ್ಲಾದರೂ ಬರುವುದಿತ್ತು. ಅಷ್ಟರಲ್ಲಿ ಸಾಹೇಬರು ಗಂಟಲು ಸರಿಮಾಡಿಕೊಂಡರು.

“ಮೊದಲನೇ ಬಹುಮಾನ. ಇಲ್ಲಿ ಇದಕ್ಕಿಂತ ಅಂದವಾದವು ಬೇಕಾದಷ್ಟಿವೆ. ಆದ್ರೆ ಇದನ್ನ ಒಬ್ಬರೇ ಹೆಂಗಸು ಇಪ್ಪತ್ತಾರು ವರ್ಷ ಸಾಕಿದಾರೆ. ಬಾಡಿಗೆ ಮನೆ. ಜಾಗ ಇಲ್ಲ. ಹಗಲೆಲ್ಲ ಅಂಗಡಿ ಮೂಲೆ. ಯಾರ ನೆರವೂ ಇಲ್ಲ. ಆದ್ರೂ ನೋಡಿ, ಎಲ್ಲೂ ಸೊಟ್ಟಗಾಗಿಲ್ಲ, ನೆಟ್ಟಗೆ ನಿಂತಿದೆ. ಇಷ್ಟು ಜೋಪಾನ ಮಾಡಿದವರು ಇವತ್ತು ಅದನ್ನ ಇನ್ನೊಬ್ಬರ ಮನೆಗೆ ಕೊಡ್ತಿದಾರಂತೆ. ಬೆಳೆಸೋಕೆ ಕೈ ಸಾಕು. ಕೊಡೋಕೆ ಎದೆ ಬೇಕು. ಆ ತಾಯಿ ದಯವಿಟ್ಟು ಮೇಲೆ ಬರ್ಬೇಕು.”

ಗಂಡಿನ ಕಡೆಯವರೆಲ್ಲ ಮದುಮಗಳ ಕಡೆ ನೋಡುತ್ತಿದ್ದರು. ಬೀದಿಯವರು ಅಕ್ಕನ ಕಡೆ ನೋಡುತ್ತಿದ್ದರು. ಬಕೆಟ್ಟಿನ ಕಡೆ ನೋಡುತ್ತಿದ್ದವರು ಸಾಹೇಬರೊಬ್ಬರೇ. ಮೇಷ್ಟ್ರು ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಹಾಲಿನವನು. ಆಮೇಲೆ ಇಡೀ ಹಾಲ್. ಹುಟ್ಟಿದಾಗಿನಿಂದ ಯಾವ ವೇದಿಕೆಯನ್ನೂ ಹತ್ತದಿದ್ದ ಅಕ್ಕ, ಮಗಳು ಕೈಹಿಡಿದು ಎಳೆದದ್ದಕ್ಕೆ, ಸೆರಗು ಸರಿಮಾಡಿಕೊಳ್ಳುತ್ತ ಹತ್ತಿದರು.

“ನಿಲ್ಲಿ!” ಎಂಬ ಕೂಗು ಕೇಳಿಸಿತು.

ಮ್ಯಾನೇಜರಮ್ಮ ತಾಳೆಗಳ ನಡುವಿನಿಂದ ಹೊರಬಂದು ವೇದಿಕೆಯ ಕೆಳಗೆ ನಿಂತಿದ್ದರು. ಅವರ ಕೈಯಲ್ಲಿ ಕಪ್ ಇತ್ತು, ಬ್ಯಾಂಕಿನ ಕೇರಂ ಪಂದ್ಯದಲ್ಲಿ ಗೆದ್ದದ್ದು, ಆ ಬೆಳಗ್ಗೆ ತಾವೇ ಉಜ್ಜಿ ಹೊಳೆಯಿಸಿದ್ದು. ಸಂಜೆಗೆ ಅದು ಅವರ ಶೋಕೇಸಿಗೇ ವಾಪಸು ಬರುತ್ತದೆಂಬ ಪೂರ್ಣ ಭರವಸೆಯಿಂದ ತಂದಿದ್ದರು.

“ಆ ಗಿಡ ನನಗೆ ಗೊತ್ತು” ಎಂದು ವೇದಿಕೆಯ ಅಂಚಿನಲ್ಲಿ ನಿಂತಿದ್ದ ಟೈಲರಿಗೆ ಕೇಳಿಸುವಷ್ಟು ಮಾತ್ರ ಹಲ್ಲು ಕಚ್ಚಿ ಹೇಳಿದರು. “ನಮ್ಮ ಗೋಡೆ ಸಂದೀದು! ಇಪ್ಪತ್ತಾರು ವರ್ಷವಂತೆ! ಇಪ್ಪತ್ತಾರು ತಿಂಗಳೂ ಆಗಿಲ್ಲ!”

ದಡದಡನೆ ಮೆಟ್ಟಿಲು ಹತ್ತಿ ಮೈಕ್ ಕಿತ್ತುಕೊಂಡರು. “ಈ ತೀರ್ಪಲ್ಲಿ ಒಂದು ತಪ್ಪಿದೆ!”

ಆಗ್ಲಿಬಿಡಿಯವರು ಕಣ್ಣು ಮುಚ್ಚಿದರು.

ಮ್ಯಾನೇಜರಮ್ಮ ಅಕ್ಕನತ್ತ ತಿರುಗಿದರು. ಅಕ್ಕ ಕುತ್ತಿಗೆ ತಗ್ಗಿಸಿ ನಿಂತಿದ್ದರು. ಅವರ ಕೈ ಮಗಳ ಕೈಯೊಳಗಿತ್ತು. ಬೆರಳ ತುದಿಗಳಲ್ಲಿ ಜೆರಾಕ್ಸ್ ಯಂತ್ರದ ಮಸಿ, ಇವತ್ತೂ ಪೂರ್ತಿ ಹೋಗಿರಲಿಲ್ಲ. ಮ್ಯಾನೇಜರಮ್ಮನ ಕಣ್ಣು ಆ ಬೆರಳುಗಳ ಮೇಲೆ ನಿಂತಿತು. ಮೈಕ್ ಒಮ್ಮೆ ಕೀಂ ಎಂದಿತು.

“ಇಪ್ಪತ್ತಾರಲ್ಲ” ಎಂದರು, ಬ್ಯಾಂಕಿನ ದನಿಯಲ್ಲಿ. “ಮೊನ್ನೆ ಮಂಗಳವಾರಕ್ಕೆ ಇಪ್ಪತ್ತೇಳು ತುಂಬ್ತು. ಕೇಕ್ ನಮ್ಮನೆಗೂ ಕಳಿಸಿದ್ರು. ವಯಸ್ಸು ಬರೆಯುವಾಗ ಸರಿಯಾಗಿ ಬರೀಬೇಕು.”

ಕಪ್ಪನ್ನು ಅಕ್ಕನ ಕೈಗಿಟ್ಟು, ಅದು ಕೈಜಾರದಂತೆ ಒಮ್ಮೆ ಒತ್ತಿ, ಬಂದ ಹಾಗೆಯೇ ಇಳಿದುಹೋದರು.

ಹುಡುಗನ ತಾಯಿಗೆ ಸ್ಪರ್ಧೆಯ ವಿಷಯ ಕೊನೆಗೂ ಅರ್ಥವಾಗಲಿಲ್ಲ. ಹೆಣ್ಣಿನ ತಾಯಿಗೆ ಬೀದಿಯವರೇ ಸೇರಿ ಸನ್ಮಾನ ಮಾಡಿದರು ಎಂಬುದು ಮಾತ್ರ ಅರ್ಥವಾಯಿತು. ಆಕೆ ಬಂದು ಅಕ್ಕನನ್ನು ತಬ್ಬಿಕೊಂಡರು. ಬಹುಮಾನ ಮುಗಿದ ಮೇಲೆ ಕಾವಲಿಗೆ ಅರ್ಥವಿಲ್ಲವಾಗಿ, ಬೀದಿಯವರೆಲ್ಲ ಗಿಡಗಳನ್ನು ಬಿಟ್ಟು ವೇದಿಕೆಗೆ ನುಗ್ಗಿದರು. ಮದುಮಕ್ಕಳ ಜೊತೆ ಫೋಟೋಗೆ ಎಷ್ಟು ಉದ್ದದ ಸಾಲಾಯಿತೆಂದರೆ ಫೋಟೋದವನು ಕುರ್ಚಿ ಕೇಳಿದ. ಟೈಲರ್ ಗುಲಾಬಿಯ ಸಮೇತ ತೆಗೆಸಿಕೊಂಡ.

ಎಲ್ಲರೂ ತಮ್ಮ ತಮ್ಮ ಕುಂಡ ಹೊತ್ತುಕೊಂಡು ಹೋದರು. ಹಾಲ್ ಮತ್ತೆ ಎರಡು ಬಣ್ಣದ್ದಾಯಿತು. ಆಗ ಮದುಮಗಳಿಗೆ ನೆನಪಾಯಿತು, ಅಮ್ಮ ಬೆಳಗ್ಗಿಂದ ಏನೂ ತಿಂದಿಲ್ಲ. ಅಡುಗೆಯವರು ಪಾತ್ರೆ ತೊಳೆದಾಗಿತ್ತು. ಉಳಿದಿದ್ದದ್ದು ಡಬ್ಬಿಯ ತಳದ ಐಸ್‌ಕ್ರೀಮ್ ಮಾತ್ರ, ಹಾಕಿಕೊಡಲು ಒಂದು ಲೋಟವೂ ಇಲ್ಲ. ಅವಳು ಅಮ್ಮನ ತೊಡೆಯ ಮೇಲಿದ್ದ ಕಪ್ಪನ್ನು ತೆಗೆದುಕೊಂಡು ಅದಕ್ಕೇ ಬಳಿದು ಹಾಕಿದಳು. ಅಕ್ಕ, ಮಗಳು, ಅಳಿಯ, ಆಗ್ಲಿಬಿಡಿಯವರು, ಅವರ ಹೆಂಡತಿ, ಎಲ್ಲರೂ ಖಾಲಿ ಕುರ್ಚಿಗಳ ನಡುವೆ ಸುತ್ತ ಕೂತು ಒಂದೇ ಚಮಚವನ್ನು ಕೈಯಿಂದ ಕೈಗೆ ದಾಟಿಸುತ್ತ ತಿನ್ನತೊಡಗಿದರು.

ತಾಳೆಯ ಕೊನೆಯ ಕುಂಡವನ್ನು ಹೊತ್ತು ಹೊರಟಿದ್ದ ಮ್ಯಾನೇಜರಮ್ಮ ಬಾಗಿಲಲ್ಲಿ ತಿರುಗಿ ನಿಂತು ಇದನ್ನು ಕಂಡರು.

“ಅದರಲ್ಲಾ!” ಎಂದರು.

ಅಕ್ಕ ಗಾಬರಿಯಿಂದ ಎದ್ದು, ತುಂಬಿದ ಚಮಚವನ್ನೇ ಅವರ ಕಡೆ ಚಾಚಿದರು. ಮ್ಯಾನೇಜರಮ್ಮ ಅತ್ತಿತ್ತ ನೋಡಿದರು. ಟೈಲರ್ ಹೋಗಿದ್ದಾನೆಂದು ಖಾತ್ರಿ ಮಾಡಿಕೊಂಡು, ಕುಂಡ ಕೆಳಗಿಟ್ಟು, ಒಂದು ಕುರ್ಚಿ ಎಳೆದುಕೊಂಡು ಬಂದು ಕೂತರು.